ದೆಹಲಿಯ ಬಾಗಿಲಲ್ಲಿ ಮಂಗೋಲರು

ಕ್ರಿ.ಶ. 1303ರಲ್ಲಿ ದೆಹಲಿ ಸುಲ್ತಾನರ ರಾಜ್ಯವು ಕುಸಿದುಬೀಳುವ ಸ್ಥಿತಿಗೆ ಬಂದಿತ್ತು. ಅಲ್ಲಾವುದ್ದೀನ್ ಖಲ್ಜಿಯು ಚಿತ್ತೋಡದ ಕೋಟೆಯನ್ನು ಗೆದ್ದು, ದಣಿದ ಸೈನ್ಯದೊಡನೆ ಆಗತಾನೆ ಮರಳಿದ್ದನು. ಇನ್ನೊಂದು ದಂಡು ದೂರದ ಓರುಗಲ್ಲಿಗೆ ಹೋಗಿತ್ತು. ಆ ಹೊತ್ತಿನಲ್ಲಿಯೇ ತರ್ಘಿ ಎಂಬ ಮಂಗೋಲ ದಳಪತಿಯು ಮಧ್ಯ ಏಷ್ಯಾದಿಂದ ಬಂದು ರಾಜಧಾನಿಯನ್ನು ಮುತ್ತಿದನು. ಸುಲ್ತಾನನು ಸಿರಿ ಎಂಬಲ್ಲಿ ಕಂದಕ ತೋಡಿಸಿ ಕಾದು ಕುಳಿತನು. ಸುಮಾರು ಎರಡು ತಿಂಗಳ ತರುವಾಯ ಮಂಗೋಲರು ಹಿಂದಿರುಗಿದರು. ಅವರು ಗೆದ್ದು ನೆಲೆಸಿದ್ದರೆ ಏನಾಗುತ್ತಿತ್ತು? ಇತಿಹಾಸದ ತರಗತಿಗಳಲ್ಲಿ ಮಕ್ಕಳು ನಮ್ಮನ್ನು ಕೇಳುವ ಈ ಪ್ರಶ್ನೆಯನ್ನು ಇಲ್ಲಿ ಕೊಂಚ ಪರಿಶೀಲಿಸೋಣ.

ಇದಕ್ಕೆ ಇರಾನಿನ ಚರಿತ್ರೆಯು ನಮಗೆ ಅಳತೆಗೋಲಾಗಬಲ್ಲುದು. 1258ರಲ್ಲಿ ಹುಲಗುಖಾನನು ಬಾಗ್ದಾದನ್ನು ಸೂರೆಗೈದು ಖಲೀಫನನ್ನು ಕೊಲ್ಲಿಸಿದನು. ಆದರೆ ಅವನ ಮರಿಮಗ ಘಜಾನನು 1295ರಲ್ಲಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿದನು. ಘಜಾನನ ಮಂತ್ರಿ ರಶೀದುದ್ದೀನನು ಪಾರಸಿ ಭಾಷೆಯಲ್ಲಿ ಬೃಹತ್ ಇತಿಹಾಸವನ್ನು ರಚಿಸಿದನು. ಖಡ್ಗದಿಂದ ಗೆದ್ದವರು ಕೆಲವೇ ತಲೆಮಾರುಗಳಲ್ಲಿ ಸೋತವರ ನುಡಿಗೆ ಒಲಿದರು. ದೆಹಲಿಯಲ್ಲಿಯೂ ಮೊದಲು ಹಾಳು, ಅನಂತರ ಹೊಂದಾಣಿಕೆ ಎಂಬ ಕ್ರಮವೇ ನಡೆಯುತ್ತಿತ್ತೆಂದು ಊಹಿಸಬಹುದು. ಆದರೂ ತುಂಬಲಾಗದ ನಷ್ಟವೊಂದು ಸಂಭವಿಸುತ್ತಿತ್ತು. ಮಂಗೋಲರ ಹಾವಳಿಗೆ ಊರು ತೊರೆದ ಇರಾನ್ ಮತ್ತು ಮಧ್ಯ ಏಷ್ಯಾದ ಅನೇಕ ವಿದ್ವಾಂಸರಿಗೂ ಕುಶಲಕರ್ಮಿಗಳಿಗೂ ದೆಹಲಿಯೇ ಆಶ್ರಯವಾಗಿತ್ತು. ಆ ಆಶ್ರಯವೂ ಮುರಿದುಬೀಳುತ್ತಿತ್ತು.

ಗೆಲ್ಲದೆಯೂ ಮಂಗೋಲರು ಆ ನಾಡನ್ನು ಬದಲಿಸಿದರೆಂಬುದು ಗಮನಾರ್ಹ. ಅವರನ್ನು ತಡೆಯಲು ದೊಡ್ಡ ಸೈನ್ಯ ಬೇಕಾಯಿತು. ಸೈನಿಕರು ಕಡಮೆ ಸಂಬಳದಲ್ಲಿ ಬದುಕಬೇಕಾದರೆ ಬೆಲೆಗಳು ಇಳಿಯಬೇಕೆಂದು ಸುಲ್ತಾನನು ನಿಶ್ಚಯಿಸಿದನೆಂದು ಬರನಿ ಎಂಬ ಇತಿಹಾಸಕಾರನು ತಿಳಿಸುತ್ತಾನೆ. ರಾವುತನಿಗೆ ವರ್ಷಕ್ಕೆ 234 ಟಂಕ ಸಂಬಳ ಗೊತ್ತಾಯಿತು. ಗೋಧಿಯ ಬೆಲೆ ಮಣಕ್ಕೆ 7½ ಜಿತಲ್ ಎಂದು ಕಟ್ಟಾಯಿತು. ರೈತನ ಬೆಳೆಯಲ್ಲಿ ಅರ್ಧಭಾಗ ಕಂದಾಯವಾಗಿ ಹೋಯಿತು. ಗಡಿಯ ಭಯದ ಬೆಲೆಯನ್ನು ತೆತ್ತವನು ಒಕ್ಕಲಿಗ.

ಹೀಗೆ ಬೆಳೆದ ಸೈನಿಕ ಬಲವೇ ದಕ್ಷಿಣಕ್ಕೂ ನುಗ್ಗಿತು. 1311ರಲ್ಲಿ ಮಲಿಕ್ ಕಾಫೂರನು ದ್ವಾರಸಮುದ್ರಕ್ಕೆ ಬಂದಾಗ ಹೊಯ್ಸಳ ಮೂರನೆಯ ಬಲ್ಲಾಳನು ಶರಣಾಗಿ ಅಪಾರ ಸಂಪತ್ತನ್ನು ಒಪ್ಪಿಸಬೇಕಾಯಿತು. ದೆಹಲಿಯು ಮಂಗೋಲರಿಗೆ ಕಪ್ಪ ಕೊಡುವ ಪ್ರಾಂತವಾಗಿದ್ದರೆ ಆ ದಂಡಯಾತ್ರೆಯು ನಡೆಯುತ್ತಿರಲಿಲ್ಲವೆಂದೇ ತೋರುತ್ತದೆ. ಹೊಯ್ಸಳರ ಕೊನೆಯ ದಿನಗಳ ಕಥೆಯೂ ಬೇರೆಯಾಗುತ್ತಿತ್ತು.

ಈ ಎರಡು ಎಳೆಗಳೂ ಕವಿ ಅಮೀರ್ ಖುಸ್ರೋನ ಬಾಳಿನಲ್ಲಿ ಕೂಡುತ್ತವೆ. 1285ರಲ್ಲಿ ಸುಲ್ತಾನ್ ಬಲ್ಬನನ ಮಗ ಮುಹಮ್ಮದನು ಮಡಿದ ಕದನದಲ್ಲಿ ಖುಸ್ರೋ ಮಂಗೋಲರ ಸೆರೆಯಾಳಾದನು. ಹೇಗೋ ಪಾರಾಗಿ ಬಂದನು. 1318ರಲ್ಲಿ ರಚಿಸಿದ ‘ನುಹ್ ಸಿಪಿಹರ್’ ಕಾವ್ಯದಲ್ಲಿ ಅವನು ಹಿಂದೂಸ್ಥಾನದ ಭಾಷೆಗಳನ್ನು ಹೆಸರಿಸುತ್ತಾನೆ. ಅವುಗಳಲ್ಲಿ ದ್ವಾರಸಮುದ್ರದ ಹೆಸರಿನಿಂದ ಕರೆದ ಒಂದು ನುಡಿಯಿದೆ; ಅದು ನಮ್ಮ ಕನ್ನಡವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ರಾಜಧಾನಿಯು ಮುಂದೆ ಹಾಳುಬಿದ್ದಿತು; ಆ ನುಡಿಯು ಉಳಿಯಿತು.

ಆಳುವವರು ಬದಲಾದಾಗಲೂ ಒಂದು ಭಾಷೆಯು ಉಳಿಯಬೇಕಾದರೆ ಅದರಲ್ಲಿ ಓದುವವರೂ ಬರೆಯುವವರೂ ಕಲಿಸುವವರೂ ಇರಬೇಕು. ಇರಾನಿನಲ್ಲಿ ಪಾರಸಿಯು ಉಳಿದದ್ದು ಹೀಗೆ. ಗಡಿಯಾಚೆಯ ಈ ನೆಲದಲ್ಲಿ ನಮ್ಮ ಶಾಲೆಯು ನೂರು ವರ್ಷಗಳಿಂದ ನಡೆಸಿಕೊಂಡು ಬಂದಿರುವುದೂ ಇದೇ ಕೆಲಸವನ್ನು.