ಕೌಟುಂಬಿಕ ದೌರ್ಜನ್ಯ: ‘ಪ್ರತಿವಾದಿ’ ಎಂದರೆ ಯಾರು?

ಹೆಂಡತಿಯನ್ನು ಹೊಡೆಯುವವನಿಗೆ ಆಡುಮಾತಿನಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ. ಪತ್ರಿಕೆಗಳು ಸಾಮಾನ್ಯವಾಗಿ ‘ಆರೋಪಿ ಪತಿ’ ಎಂದು ಬರೆದುಬಿಡುತ್ತವೆ. ಆದರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಬಳಸುವ ಪದ ‘ಪ್ರತಿವಾದಿ’. ನಮ್ಮ ನ್ಯಾಯಾಲಯಗಳ ಕಡತಗಳಲ್ಲಿ ‘ಎದುರುದಾರ’ ಎಂದೂ ಕಾಣಬಹುದು.

ಈ ವ್ಯತ್ಯಾಸ ಕೇವಲ ಶಬ್ದದ್ದಲ್ಲ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 498ಎ ಕಲಂ (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ) ಪತಿ ಹಾಗೂ ಆತನ ಬಂಧುಗಳನ್ನು ಆರೋಪಿಗಳನ್ನಾಗಿ ಕಾಣುತ್ತದೆ, ಅಲ್ಲಿರುವುದು ಶಿಕ್ಷೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಸಂರಕ್ಷಣಾ ಕಾಯ್ದೆಯಲ್ಲಿ ಮಹಿಳೆ ಕೇಳುವುದು ರಕ್ಷಣೆ, ವಾಸದ ಹಕ್ಕು, ಜೀವನಾಂಶ, ಪರಿಹಾರ. ಗಂಡ ಜೈಲಿಗೆ ಹೋಗಬಾರದು, ಹೊಡೆತ ಮಾತ್ರ ನಿಲ್ಲಬೇಕು ಎನ್ನುವವರಿಗೂ ಇಲ್ಲಿ ದಾರಿಯುಂಟು. ಹೊಡೆತವಷ್ಟೇ ಅಲ್ಲ, ನಿಂದನೆ, ಲೈಂಗಿಕ ದೌರ್ಜನ್ಯ, ಮನೆ ಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಕಾಯ್ದೆಯ ಪ್ರಕಾರ ದೌರ್ಜನ್ಯವೇ.

ಮೂಲ ಕಾಯ್ದೆಯ 2(ಕ್ಯೂ) ಕಲಂ ಪ್ರತಿವಾದಿಯನ್ನು ‘ವಯಸ್ಕ ಪುರುಷ’ ಎಂದು ನಿರೂಪಿಸಿತ್ತು. ಪತ್ನಿ ಅಥವಾ ವಿವಾಹಸದೃಶ ಸಂಬಂಧದಲ್ಲಿರುವ ಮಹಿಳೆ ಮಾತ್ರ ಪತಿಯ ಅಥವಾ ಸಂಗಾತಿಯ ಬಂಧುಗಳ ವಿರುದ್ಧವೂ ದೂರಬಹುದಾಗಿತ್ತು. ಆ ಬಂಧುಗಳಲ್ಲಿ ಅತ್ತೆ, ನಾದಿನಿಯರೂ ಸೇರುತ್ತಾರೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿತು. ಆದರೆ ಸೊಸೆಯ ಕಾಟ ತಾಳಲಾರದ ಅತ್ತೆ, ಅತ್ತಿಗೆಯಿಂದ ನೊಂದ ಅವಿವಾಹಿತೆ? ಇವರಿಗೆ ಬಾಗಿಲು ಮುಚ್ಚಿಯೇ ಇತ್ತು. ಮಗ ಮತ್ತು ಸೊಸೆಯ ವಿರುದ್ಧ ತಾಯಿ-ಮಗಳು ದೂರಿದ್ದ ಹರ್ಸೋರಾ ಪ್ರಕರಣದಲ್ಲಿ, 2016ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟ್ ಆ ಎರಡು ಪದಗಳನ್ನೇ ತೆಗೆದುಹಾಕಿತು. ಅಂದಿನಿಂದ ಮಹಿಳೆಯೂ, ಅಪ್ರಾಪ್ತ ವಯಸ್ಕರೂ ಪ್ರತಿವಾದಿಗಳಾಗಬಹುದು. ದೂರುವ ಹಕ್ಕು ಮಾತ್ರ ಈಗಲೂ ಮಹಿಳೆಗೇ ಮೀಸಲು. ಪ್ರತಿವಾದಿಯನ್ನು ಮನೆಯಿಂದ ಹೊರಹೋಗುವಂತೆ ಸೂಚಿಸುವ 19(1)(ಬಿ) ಕಲಂನ ಆದೇಶವನ್ನು ಮಹಿಳೆಯ ವಿರುದ್ಧ ಹೊರಡಿಸುವಂತಿಲ್ಲ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಪ್ರತಿವಾದಿ ಆರೋಪಿಯಾಗುವುದು ಯಾವಾಗ? ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶವನ್ನು ಮುರಿದಾಗ. 31ನೇ ಕಲಂ ಅನ್ವಯ ಇದಕ್ಕೆ 1 ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಅಪರಾಧ ಜಾಮೀನುರಹಿತ. ಅಲ್ಲಿಯವರೆಗೆ ‘ಆರೋಪಿ’ ಎಂದು ಬರೆಯುವುದು ನಮ್ಮ ಪತ್ರಕರ್ತರ ಆತುರವೇ ಸರಿ.

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿ ದೂರು ಸ್ವೀಕರಿಸುತ್ತಾರೆ. ನೊಂದವರು ನೇರವಾಗಿ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಸಲ್ಲಿಸಬಹುದು. ಮಹಿಳಾ ಸಹಾಯವಾಣಿ ಸಂಖ್ಯೆ 181.