ಬೋಟ್ ಸ್ಟಾರ್ಟ್ ಆಗ್ತಿಲ್ವಾ? ಹೊಸ ಬ್ಯಾಟರಿ ತರುವ ಮುನ್ನ ವೈರ್ ನೋಡಿ

ನಿಷೇಧದ ಜೂನ್, ಜುಲೈ ತಿಂಗಳು ದಕ್ಕೆಯಲ್ಲೇ ನಿಂತ ಬೋಟ್, ಆಗಸ್ಟ್‌ನಲ್ಲಿ ಕೀ ತಿರುಗಿಸಿದರೆ ‘ಟಕ್’ ಅಂದು ಸುಮ್ಮನಾಗುವುದುಂಟು. ಕೂಡಲೇ ಬ್ಯಾಟರಿ ಹೋಯ್ತು ಅಂತ ಅಂಗಡಿಗೆ ಓಡಬೇಡಿ. ಉಪ್ಪುಗಾಳಿಗೆ ಟರ್ಮಿನಲ್, ವೈರ್ ತುದಿಗಳೂ ತುಕ್ಕು ಹಿಡಿಯುತ್ತವೆ.

ಮಲ್ಟಿಮೀಟರ್ ಇಟ್ಟು ನೋಡಿ. ಎಂಜಿನ್ ಬಂದ್ ಇದ್ದಾಗ 12 ವೋಲ್ಟ್ ಬ್ಯಾಟರಿ 12.6 ತೋರಿಸಿದರೆ ಫುಲ್ ಚಾರ್ಜ್. 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ, ಮೊದಲು ಚಾರ್ಜ್‌ಗೆ ಹಾಕಿ. ಎರಡು ಬ್ಯಾಟರಿ ಜೋಡಿಸಿದ್ದರೆ ಒಂದೊಂದನ್ನೇ ಅಳೆಯಿರಿ. ಫುಲ್ ಇದ್ದೂ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು.

ಹಾಗೆ ಇಳಿಯದಿದ್ದರೆ ವೈರ್ ಹಿಡಿದು ಹೋಗಿ. ಗೇರ್ ನ್ಯೂಟ್ರಲ್ ಇರಲಿ. ಮೀಟರ್‌ನ ಒಂದು ಕಡ್ಡಿ ನೆಗೆಟಿವ್ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು, ಇನ್ನೊಬ್ಬರಿಂದ ಕೀ ತಿರುಗಿಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ವೈರ್ ಅಥವಾ ಅದರ ಜಾಯಿಂಟ್ ಕೆಟ್ಟಿದೆ. ಪಾಸಿಟಿವ್ ಕಡೆ ಕಣ್ಣು ಹೋದಷ್ಟು ಇಲ್ಲಿಗೆ ಹೋಗುವುದಿಲ್ಲ.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಹಸಿರು, ಬಿಳಿ ಪುಡಿಯನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿ ತೆಗೆಯಿರಿ. ಆ ನೀರು ಸೆಲ್ ಒಳಗೆ ಹೋಗಬಾರದು. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಹತ್ತಿರ ಬೀಡಿ ಬೇಡ, ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ವೈರ್ ಒಳಗಿನ ತಾಮ್ರವೇ ಕಪ್ಪಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಿಯೇ ಕಡಲಿಗೆ ಇಳಿಯಿರಿ.