ನಂಬರಿಗೂ ಮೊದಲಿನ ದಾರಿ: ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ರಸ್ತೆ ಗುರುತುಗಳು

ತುಮಕೂರಿನಲ್ಲಿ ಬಿ.ಎಚ್. ರಸ್ತೆ ಇದೆ, ಶಿವಮೊಗ್ಗದಲ್ಲೂ ಬಿ.ಎಚ್. ರಸ್ತೆ ಇದೆ. ಎರಡೂ ಒಂದೇ ರಸ್ತೆಯ ತುಣುಕುಗಳು: ಬೆಂಗಳೂರು–ಹೊನ್ನಾವರ. ಹಾಸನದ ಬಿ.ಎಂ. ರಸ್ತೆ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ದಾರಿ. ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದ ಬಳಿಯ ಬಿ.ಎನ್. ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಅದು ಬೆಂಗಳೂರು–ನೀಲಗಿರಿ ರಸ್ತೆ ಎಂಬುದು ಅವರಲ್ಲಿ ಬಹಳ ಮಂದಿಗೆ ತಿಳಿಯದು. ಈ ದಾರಿ ನಂಜನಗೂಡು, ಬೇಗೂರು, ಗುಂಡ್ಲುಪೇಟೆ, ಹಂಗಳ, ಬಂಡೀಪುರ ದಾಟಿ ಊಟಿಯ ಬೆಟ್ಟ ಹತ್ತುತ್ತದೆ. ಹೆದ್ದಾರಿಗಳಿಗೆ ನಂಬರು ಬರುವ ಮೊದಲು ಮೈಸೂರು ಸೀಮೆಯಲ್ಲಿ ಮೋಟಾರು ಓಡಿಸಿದವರಿಗೆ ದಾರಿ ತೋರಿಸಿದ್ದು ಇಂಥ ಹೆಸರುಗಳು, ಮೈಲಿಗಲ್ಲುಗಳು, ಕೈಮರಗಳು ಮತ್ತು ಸಾಲುಮರಗಳು. ರಸ್ತೆ ಅಗಲೀಕರಣದ ಭರದಲ್ಲಿ ಇವೆಲ್ಲ ಒಂದೊಂದಾಗಿ ಮಣ್ಣುಪಾಲಾಗುತ್ತಿರುವ ಹೊತ್ತಿನಲ್ಲಿ, ಅವು ಬೆಳೆದು ಬಂದ ಬಗೆಯನ್ನು ಒಮ್ಮೆ ನೋಡಬೇಕು.

ಮೋಟಾರಿನ ಹುಟ್ಟುನಾಡುಗಳಲ್ಲೂ ಮೊದಲು ಇದ್ದದ್ದು ಹೆಸರುಗಳೇ. ಅಮೆರಿಕದಲ್ಲಿ 1913ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಲಿಂಕನ್ ಹೆದ್ದಾರಿಯನ್ನು ಗೊತ್ತುಮಾಡಿದಾಗ, ದಾರಿಯುದ್ದಕ್ಕೂ ಕಂಬಗಳಿಗೆ ಕೆಂಪು, ಬಿಳಿ, ನೀಲಿ ಪಟ್ಟೆ ಬಳಿದು ನಡುವೆ ಎಲ್ ಅಕ್ಷರ ಬರೆದರು. ಅದನ್ನು ನೋಡಿ ಊರೂರಿನ ಸಂಘಗಳು ತಮ್ಮ ತಮ್ಮ ದಾರಿಗೆ ತಮ್ಮದೇ ಬಣ್ಣ ಬಳಿದವು. ಒಂದೇ ಕಂಬಕ್ಕೆ ಹಲವು ಪಟ್ಟೆ ಬಿದ್ದು ಜನ ಗೊಂದಲಕ್ಕೆ ಬಿದ್ದಾಗ, 1926ರಲ್ಲಿ ಸರ್ಕಾರವೇ ನಂಬರು ಕೊಟ್ಟಿತು. ಬ್ರಿಟನ್ ಆ ಕೆಲಸವನ್ನು ಅದಕ್ಕೂ ಮೂರು ನಾಲ್ಕು ವರ್ಷ ಮೊದಲೇ ಮಾಡಿತ್ತು. ನಮ್ಮಲ್ಲಿ ಬಣ್ಣದ ಪಟ್ಟೆಗಳ ಕಾಲ ಬರಲೇ ಇಲ್ಲ. ಮೋಟಾರು ಬರುವ ಹೊತ್ತಿಗೆ ಇಲ್ಲಿ ಅರ್ಧ ಶತಮಾನ ಹಳೆಯ ಲೋಕೋಪಯೋಗಿ ಇಲಾಖೆ ಇತ್ತು; ರಸ್ತೆಗಳೂ ಅದರದೇ, ಕಲ್ಲುಗಳೂ ಅದರದೇ.

ಇಲಾಖೆಗೂ ಹಿಂದೆ ದಾರಿಯನ್ನು ಅಳೆಯುತ್ತಿದ್ದದ್ದು ಹರದಾರಿ, ಗಾವುದಗಳಲ್ಲಿ. ಸುಮಾರು ಮೂರು ಮೈಲಿಗೆ ಒಂದು ಹರದಾರಿ. ದಂಡು, ಬಣಜಿಗರ ಹೇರೆತ್ತುಗಳು, ಯಾತ್ರಿಕರು ಎಲ್ಲರೂ ನಂಬಿದ್ದು ಕಣ್ಣಿಗೆ ಕಾಣುವ ಗುರುತುಗಳನ್ನು: ಅರವಟ್ಟಿಗೆ, ತೋಪು, ಅಶ್ವತ್ಥಕಟ್ಟೆ, ಹೊರೆ ಇಳಿಸುವ ಕಲ್ಲು, ದೂರಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಅಥವಾ ಬಿಳಿಗಿರಿರಂಗನ ಬೆಟ್ಟದ ಸಾಲು. ಈ ಸೀಮೆಯಿಂದ ಕೊಯಮತ್ತೂರಿನ ಬಯಲಿಗೆ ಇಳಿಯಲು ಆಗ ಹೆಸರುವಾಸಿಯಾಗಿದ್ದದ್ದು ಗಜಲಹಟ್ಟಿ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ ಸೈನ್ಯಸಮೇತ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದದ್ದು ಇದೇ ದಾರಿಯಲ್ಲಿ. ಆಮೇಲೆ ಹಾಸನೂರು, ದಿಂಬಂ ಮೂಲಕ ಗಾಡಿ ಹೋಗುವ ಘಾಟಿ ರಸ್ತೆಯಾದ ಮೇಲೆ ಗಜಲಹಟ್ಟಿ ಮರೆಗೆ ಸರಿಯಿತು. ಕಣಿವೆಯ ಬುಡದಲ್ಲಿದ್ದ ದಣಾಯಕನಕೋಟೆ ಭವಾನಿಸಾಗರದ ನೀರಿನಡಿಯಲ್ಲಿದೆ. ದಾರಿ ಬದಲಾದರೆ ಊರೂ ಹಾಗೆ ಅಳಿಯುತ್ತದೆ, ಉಳಿಯುತ್ತದೆ. ಒಂದು ಕಾಲಕ್ಕೆ ದೊಡ್ಡ ಪಟ್ಟಣವಾಗಿದ್ದ ತೆರಕಣಾಂಬಿ ಈಗ ಗುಂಡ್ಲುಪೇಟೆ–ಚಾಮರಾಜನಗರ ರಸ್ತೆಯ ಒಂದು ನಿಲುಗಡೆ. ಅರಿಕುಠಾರವೆಂಬ ಚಿಕ್ಕ ಊರು 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಚಾಮರಾಜನಗರವೆಂಬ ಹೆಸರು ಪಡೆದು ತಾಲ್ಲೂಕಿಗೆ ದೊಡ್ಡ ಊರಾಯಿತು.

ಗುಂಡ್ಲುಪೇಟೆಯ ದೆಸೆ ತಿರುಗಿಸಿದ್ದು ಊಟಿ. ನೀಲಗಿರಿಯ ತಂಪನ್ನು ಇಂಗ್ಲಿಷರು ಕಂಡುಕೊಂಡ ಮೇಲೆ ಮೈಸೂರಿನಿಂದ ಬೆಟ್ಟಕ್ಕೆ ಹೋಗುವವರ ಸಾಲು ಶುರುವಾಯಿತು. 1834ರಲ್ಲಿ ಮೆಕಾಲೆ ಮದ್ರಾಸಿನಿಂದ ಹೊರಟು ಬೆಂಗಳೂರು, ಮೈಸೂರು ಹಾದು ಊಟಿ ಸೇರಿದ್ದು ಪಲ್ಲಕ್ಕಿಯಲ್ಲಿ, ಬೋಯಿಗಳ ಹೆಗಲ ಮೇಲೆ. ಅದೇ ವರ್ಷ ಕಮಿಷನರಾಗಿ ಬಂದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ, 1861ರ ಹೊತ್ತಿಗೆ, ಮೈಸೂರು ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆಯಾಗಿತ್ತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಪ್ರತ್ಯೇಕವಾಗಿ ನಿಂತಿತು. ಮೈಲಿಗಲ್ಲು, ಸಾಲುಮರ, ಮುಸಾಫರಖಾನೆ ಈ ಮೂರೂ ಒಟ್ಟಿಗೆ ಒಂದು ಪದ್ಧತಿಯಾದದ್ದು ಆ ಕಾಲದಲ್ಲಿ. ಹುಣಸೆ, ಆಲ, ಬೇವು, ಹೊಂಗೆಯ ಸಾಲು ಬರೀ ನೆರಳಿಗಿರಲಿಲ್ಲ. ಬಯಲಿನಲ್ಲಿ ಎರಡು ದಾರಿ ಕವಲೊಡೆದಾಗ ದೊಡ್ಡ ರಸ್ತೆ ಯಾವುದೆಂದು ಮೈಲಿ ದೂರದಿಂದಲೇ ಹೇಳುತ್ತಿದ್ದದ್ದು ಆ ಸಾಲು. ಧೂಳಿನಲ್ಲಿ, ಮಳೆಯಲ್ಲಿ, ಕಾರ್ಬೈಡ್ ದೀಪದ ಮಂದ ಬೆಳಕಿನಲ್ಲಿ ಗಾಡಿ ಓಡಿಸುವವರಿಗೆ ಮರಗಳ ನಡುವೆ ಇದ್ದೇವೆ ಎಂಬುದೇ ರಸ್ತೆಯ ಮೇಲಿದ್ದೇವೆ ಎನ್ನುವುದಕ್ಕೆ ಸಾಕ್ಷಿ. ಇವತ್ತಿನ ಬಿಳಿ ಅಂಚುಪಟ್ಟಿಯ ಕೆಲಸವನ್ನು ಆಗ ಮಾಡಿದ್ದು ಈ ಮರಗಳು. ಅವುಗಳನ್ನು ಕಡಿಯುವ ಮುನ್ನ ಅಂದಾಜುಪಟ್ಟಿಯಲ್ಲಿ ಸೌದೆಯ ಬೆಲೆ ಮಾತ್ರ ಬರೆಯುವುದು ನನಗೆ ಒಪ್ಪಿಗೆಯಾಗದು.

ಮೈಲಿಗಲ್ಲನ್ನು ಹತ್ತಿರದಿಂದ ನೋಡಿ. ತಲೆ ದುಂಡಗೆ ಕೆತ್ತಿದ ಗಟ್ಟಿ ಕಲ್ಲು, ಮೈಗೆ ಸುಣ್ಣ, ಉಳಿಯಲ್ಲಿ ಕೊರೆದ ಅಕ್ಷರಕ್ಕೆ ಕಪ್ಪು ಬಣ್ಣ. ಮೈಲಿಗೊಂದು ಕಲ್ಲಾದರೆ, ಎರಡು ಮೈಲಿಗಲ್ಲುಗಳ ನಡುವೆ ಗಿಡ್ಡ ಫರ್ಲಾಂಗು ಕಲ್ಲುಗಳು. ಎಂಟು ಫರ್ಲಾಂಗಿಗೆ ಒಂದು ಮೈಲಿ. ಮೋರಿ ಕುಸಿದದ್ದು, ಜಲ್ಲಿ ಸುರಿಸಿದ್ದು, ಗ್ಯಾಂಗಿನ ಕೂಲಿಗಳ ಹಾಜರಿ, ಹುಣಸೆಮರದ ಹರಾಜು, ಅಪಘಾತದ ಮಹಜರು, ಎಲ್ಲಕ್ಕೂ ವಿಳಾಸ ಒಂದೇ: ಇಂಥ ರಸ್ತೆಯ ಇಷ್ಟನೇ ಮೈಲಿ, ಇಷ್ಟನೇ ಫರ್ಲಾಂಗು. ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 37 ಮೈಲಿ. ಆ ದೂರದಲ್ಲಿ ಗುರುತಿಲ್ಲದ ಜಾಗವೇ ಇರಲಿಲ್ಲ. ಆದ್ದರಿಂದಲೇ ರಸ್ತೆಗೆ ನಂಬರು ಬೇಕೆಂದು ಇಲ್ಲಿ ಯಾರಿಗೂ ಅನಿಸಲಿಲ್ಲ. ರಸ್ತೆಯ ಎರಡು ತುದಿಯ ಹೆಸರೂ ಕಲ್ಲಿನ ಸಂಖ್ಯೆಯೂ ಸೇರಿದರೆ ಸಾಕಾಗಿತ್ತು.

ಕವಲುಗಳಲ್ಲಿ ಕೈಮರ ನಿಲ್ಲಿಸುತ್ತಿದ್ದರು. ಕಂಬದಿಂದ ಚಾಚಿದ ಹಲಗೆಯ ಮೇಲೆ ಊರಿನ ಹೆಸರು, ಮೈಲಿ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ಹಾದಿಯಲ್ಲಿ ಒಂದು ಜಾಗಕ್ಕೆ ಕೈಮರ ಎಂಬುದೇ ಹೆಸರಾಗಿ ಉಳಿದಿದೆ. ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ವೃತ್ತಗಳ ಹೆಸರುಗಳು ಮಾಡುತ್ತವೆ. ಚಾಮರಾಜನಗರದಲ್ಲಿ ಗುಂಡ್ಲುಪೇಟೆ ವೃತ್ತ, ಸಂತೇಮರಹಳ್ಳಿ ವೃತ್ತ, ಸತ್ತಿ (ಸತ್ಯಮಂಗಲ) ರಸ್ತೆ. ಗುಂಡ್ಲುಪೇಟೆಯ ತೆಂಕಣ ತುದಿಯಲ್ಲಿ ಎಡಕ್ಕೆ ಊಟಿ ರಸ್ತೆ, ಬಲಕ್ಕೆ ಕೇರಳ ರಸ್ತೆ. ಹೊಸಬ ಕೂಡ ಯಾರನ್ನೂ ಕೇಳದೆ ಊರು ದಾಟಬಹುದು.

ಮೋಟಾರು ಬಂದಾಗ ಈ ರಸ್ತೆಗಳು ಎತ್ತಿನ ಗಾಡಿಗೆಂದು ಮಾಡಿದವು. ಜಲ್ಲಿ ಹಾಸಿ, ಮೇಲೆ ಗರಸು ಹರಡಿ, ನೀರು ಚಿಮುಕಿಸಿ ಉರುಳೆಯಲ್ಲಿ ದಮ್ಮಸು ಮಾಡಿದ ಹಾದಿ. ಕಬ್ಬಿಣದ ಪಟ್ಟಿಯ ಚಕ್ರ ಅದನ್ನು ಕೊರೆಯುತ್ತಿತ್ತು. ರಬ್ಬರಿನ ಟೈರು ಅದರ ನಯವಾದ ಪುಡಿಯನ್ನು ಎಬ್ಬಿಸಿ ಧೂಳು ಮಾಡುತ್ತಿತ್ತು. ಎತ್ತಿನ ಲಾಳದಿಂದ ಉದುರಿದ ಮೊಳೆ ಟೈರಿಗೆ ಚುಚ್ಚಿ ಪಂಕ್ಚರಾಗುವುದು ನಿತ್ಯದ ಕಥೆ. ಪೆಟ್ರೋಲನ್ನು ಡಬ್ಬಗಳಲ್ಲಿ ಜೊತೆಗೇ ಒಯ್ಯಬೇಕಿತ್ತು. ಆದರೂ ಮೈಸೂರು ರಾಜಮನೆತನಕ್ಕೆ ಊಟಿಯಲ್ಲಿ ಫರ್ನ್‌ಹಿಲ್ ಅರಮನೆ ಇದ್ದದ್ದರಿಂದ ಗುಂಡ್ಲುಪೇಟೆಯ ದಾರಿ ಅಚ್ಚುಕಟ್ಟಾಗಿರಲೇಬೇಕಿತ್ತು. ಈ ದಾರಿಗೆ ಬರುವ ಪ್ರತಿ ಮೋಟಾರೂ ಮೊದಲು ದಾಟಬೇಕಾಗಿದ್ದದ್ದು ನಂಜನಗೂಡಿನ ಕಪಿಲಾ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ ಅದು. ಆನೆ, ಕುದುರೆ, ಗಾಡಿಗಳಿಗೆಂದು ಕಟ್ಟಿದ್ದರ ಮೇಲೆ ಮುಂದೆ ರೈಲು ಹಳಿಯನ್ನೂ ಹಾಸಿದರು. ಪಕ್ಕದಲ್ಲೇ ಮೋಟಾರೂ ಓಡಿತು. ರೈಲು 1891ರಲ್ಲಿ ನಂಜನಗೂಡಿಗೆ, 1926ರಲ್ಲಿ ಚಾಮರಾಜನಗರಕ್ಕೆ ಬಂದು ಅಲ್ಲೇ ನಿಂತಿತು. ಅಲ್ಲಿಂದ ಮುಂದೆ ಮೇಟುಪಾಳ್ಯಕ್ಕೆ ಹಳಿ ಹಾಕುವ ಮಾತು ಇಂದಿಗೂ ಮಾತಾಗಿಯೇ ಇದೆ. ಹಾಗಾಗಿ ಘಾಟಿ ಇಳಿಯುವ ಜನ, ಸರಕು ಎರಡೂ ರಸ್ತೆಯ ಪಾಲಾಯಿತು.

ಇಲ್ಲಿ ಇನ್ನೊಂದು ತೊಡಕಿತ್ತು. ಗುಂಡ್ಲುಪೇಟೆ ಮತ್ತು ಚಾಮರಾಜನಗರ ಎರಡೂ ಸಂಸ್ಥಾನದ ಕೊನೆಯ ತಾಲ್ಲೂಕುಗಳು. ಊಟಿ ಕಡೆಗೆ ಹೋದರೂ, ವಯನಾಡಿಗೆ ಹೋದರೂ, ತಾಳವಾಡಿ, ಸತ್ಯಮಂಗಲಕ್ಕೆ ಹೋದರೂ ಆಚೆಗೆ ಮದ್ರಾಸ್ ಪ್ರಾಂತ್ಯ. 1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಇಂದು ಒಂದೇ ಜಿಲ್ಲೆಯೊಳಗಿನ ಪ್ರಯಾಣವಾದ ಚಾಮರಾಜನಗರ–ಕೊಳ್ಳೇಗಾಲ ಆಗ ಎರಡು ಸರ್ಕಾರಗಳ ನಡುವಿನ ಓಡಾಟ. ಗಡಿಕಲ್ಲಿನ ಈಚೆ ಒಂದು ಇಲಾಖೆ, ಆಚೆ ಇನ್ನೊಂದು. ತಾಳವಾಡಿಯ ಮನೆಗಳಲ್ಲೂ ಚಾಮರಾಜನಗರದ ಮನೆಗಳಲ್ಲೂ ಆಡುವುದು ಒಂದೇ ಕನ್ನಡ. ರಸ್ತೆಯ ಲೆಕ್ಕಪುಸ್ತಕ ಮಾತ್ರ ಬೇರೆ ಬೇರೆ.

ಎಚ್ಚರಿಕೆಯ ಗುರುತುಗಳ ಕಥೆ ಬೇರೆ ದಿಕ್ಕಿನಿಂದ ಬಂತು. 1909ರಲ್ಲಿ ಪ್ಯಾರಿಸಿನಲ್ಲಿ ಸೇರಿದ ದೇಶಗಳು ನಾಲ್ಕೇ ಚಿತ್ರಗಳನ್ನು ಒಪ್ಪಿದವು: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಭಾರತದಲ್ಲಿ 1914ರ ಮೋಟಾರು ಕಾಯ್ದೆ ವಾಹನಗಳ ನೋಂದಣಿ, ಚಾಲನಾ ಪರವಾನಗಿಗಳ ಗೊಡವೆ ನೋಡಿತು. ರಸ್ತೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ 1927ರಲ್ಲಿ ನೇಮಕವಾದ ಜಯಕರ್ ಸಮಿತಿ ಉತ್ತರ ಕೊಟ್ಟಿತು. ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ, 1929ರಲ್ಲಿ ರಸ್ತೆ ನಿಧಿ ಮಾಡಿದರು. 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. 1939ರ ಮೋಟಾರು ವಾಹನ ಕಾಯ್ದೆಯ ಅನುಸೂಚಿಯೊಂದರಲ್ಲಿ ಸಂಕೇತಗಳ ಚಿತ್ರಗಳೇ ಸೇರಿದವು. ಆಮೇಲೆ ಯುದ್ಧ ಬಂತು, ಪೆಟ್ರೋಲಿಗೆ ಪಡಿತರವಾಯಿತು, ಬಸ್ಸುಗಳು ಬೆನ್ನಿಗೆ ಇದ್ದಲಿನ ಗ್ಯಾಸ್ ಪ್ಲಾಂಟು ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಿದವು.

ಓದು ಬಾರದ ಪ್ರಯಾಣಿಕರು ಆಗ ನಂಬಿದ್ದು ಬಸ್ಸನ್ನೇ. ಖಾಸಗಿ ಬಸ್ಸಿನ ಬಣ್ಣ, ಕ್ಲೀನರ್ ಹುಡುಗ ಬಾಗಿಲಲ್ಲಿ ಜೋತುಬಿದ್ದು ಕೂಗುವ ಊರುಗಳ ಸರಣಿ, ಇವೇ ದಾರಿಯ ಫಲಕ. 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಶುರುವಾಯಿತು. ಆ ಸಾರಿಗೆಯ ಬಸ್ಸಿನ ಹಣೆಯ ಮೇಲೆ ಬಂದದ್ದೂ ಊರುಗಳ ಹೆಸರೇ.

ನಂಬರಿನ ಬೀಜ ಬಿದ್ದದ್ದು 1943ರ ಡಿಸೆಂಬರಿನಲ್ಲಿ, ನಾಗಪುರದಲ್ಲಿ. ಮುಖ್ಯ ಎಂಜಿನಿಯರುಗಳ ಸಭೆ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವಿಂಗಡಿಸಿತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರಲ್ಲಿ ಬಂತು. ಮೊದಲ ಪಟ್ಟಿಯಲ್ಲಿ ಬೆಂಗಳೂರಿಗೆ 4, 7, 48 ಸಿಕ್ಕವು. ಗುಂಡ್ಲುಪೇಟೆಗೆ, ಚಾಮರಾಜನಗರಕ್ಕೆ ಏನೂ ಸಿಗಲಿಲ್ಲ. ಮೂರು ರಾಜ್ಯಗಳ ಕೂಡುದಾರಿ ರಾಷ್ಟ್ರೀಯ ಲೆಕ್ಕಕ್ಕೆ ಬರಲು ದಶಕಗಳೇ ಹಿಡಿದವು. ಇದನ್ನು ಅನ್ಯಾಯವೆಂದೇ ಹೇಳುತ್ತೇನೆ, ಏಕೆಂದರೆ ಊಟಿಗೆ, ಕಲ್ಲಿಕೋಟೆಗೆ, ಕೊಯಮತ್ತೂರಿಗೆ ಲಾರಿಗಳು ಅಷ್ಟು ವರ್ಷವೂ ಇಲ್ಲಿಂದಲೇ ಹೋಗುತ್ತಿದ್ದವು.

ಆ ನಡುವೆ ಮೈಲಿ ಹೋಗಿ ಕಿಲೋಮೀಟರು ಬಂತು. ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಹೊಸ ಪದ್ಧತಿಯಲ್ಲಿ ಕಿಲೋಮೀಟರು ಕಲ್ಲುಗಳ ನಡುವೆ 200 ಮೀಟರಿಗೊಂದು ಗಿಡ್ಡ ಕಲ್ಲು. ಹಳೆಯ ಫರ್ಲಾಂಗು 220 ಗಜ, ಅಂದರೆ 201 ಮೀಟರು. ಅಳತೆಯ ಹೆಸರು ಬದಲಾದರೂ, ಕಲ್ಲಿನಿಂದ ಕಲ್ಲಿಗೆ ನಡೆಯುವ ಗ್ಯಾಂಗ್‌ಮನ್‌ನ ಹೆಜ್ಜೆಯಲ್ಲಿ ಹೆಚ್ಚುಕಡಿಮೆ ಏನೂ ಬದಲಾಗಲಿಲ್ಲ. ಕಲ್ಲಿನ ತಲೆಗೆ ಬಣ್ಣ ಬಂತು: ರಾಷ್ಟ್ರೀಯ ಹೆದ್ದಾರಿಗೆ ಹಳದಿ, ರಾಜ್ಯ ಹೆದ್ದಾರಿಗೆ ಹಸಿರು. ಕಿತ್ತ ಹಳೆಯ ಮೈಲಿಗಲ್ಲುಗಳನ್ನು ಎತ್ತಿಡುವ ಪರಿಪಾಠವನ್ನು ಆಗಲೇ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ಈಗಲಾದರೂ ಅಗಲೀಕರಣದ ಟೆಂಡರಿನಲ್ಲಿ ಒಂದು ಸಾಲು ಸೇರಿಸಬಹುದು: ಕಲ್ಲು ಸಿಕ್ಕಿದ ಜಾಗ ಬರೆದುಕೊಂಡು, ಫೋಟೊ ತೆಗೆದು, ಹತ್ತಿರದ ಪ್ರವಾಸಿ ಮಂದಿರದ ಅಂಗಳಕ್ಕೆ ತಲುಪಿಸುವುದು.

ಕೊನೆಗೆ ಗುಂಡ್ಲುಪೇಟೆ 67 ಮತ್ತು 212ನೇ ಹೆದ್ದಾರಿಗಳ ಊರಾಯಿತು. ಚಾಮರಾಜನಗರಕ್ಕೆ 209 ಬಂತು. ಜನ ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ 2010ರಲ್ಲಿ ದೇಶದ ಎಲ್ಲ ನಂಬರುಗಳೂ ಬದಲಾದವು. ಮೂರಂಕಿಯ ನಂಬರಿನ ಕೊನೆಯ ಎರಡು ಅಂಕೆ ತಾಯಿ ಹೆದ್ದಾರಿಯದು ಎಂಬುದು ಹೊಸ ಸೂತ್ರ. ಅದರಂತೆ ಕಲ್ಲಿಕೋಟೆಯಲ್ಲಿ ಕರಾವಳಿಯ 66ರಿಂದ ಕವಲೊಡೆದು ವಯನಾಡಿನ ಮೇಲೆ ಗುಂಡ್ಲುಪೇಟೆಗೆ ಬರುವುದು 766. ಕೊಯಮತ್ತೂರಿನ 81ರಿಂದ ಊಟಿ ಹತ್ತಿ ಬಂಡೀಪುರಕ್ಕೆ ಇಳಿಯುವುದು 181. ಬೆಂಗಳೂರಿನ 48ರಿಂದ ಕೊಳ್ಳೇಗಾಲ, ಚಾಮರಾಜನಗರದ ಮೂಲಕ ದಿಂಬಂ ಇಳಿಯುವುದು 948. ಸೂತ್ರ ಜಾಣತನದ್ದೇ, ಆದರೆ ಮೂರಕ್ಕೂ ನಂಬರು ಕೊಟ್ಟ ತಾಯಿ ಇರುವುದು ದೂರದ ಊರಿನಲ್ಲಿ. ಹಳೆಯ 67 ಎಂಬ ಅಂಕೆ ಈಗ ಧಾರವಾಡ, ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿಯ ದಾರಿಯಲ್ಲಿದೆ. ಗುಂಡ್ಲುಪೇಟೆಯವರು ಆಗಲೂ ಊಟಿ ರಸ್ತೆ ಎನ್ನುತ್ತಿದ್ದರು, ಈಗಲೂ ಅದನ್ನೇ ಎನ್ನುತ್ತಾರೆ.

ಈ ದಾರಿಗಳ ಮೇಲೆ ಈಗ ಹೊಸದಾಗಿ ಎದ್ದಿರುವ ಫಲಕಗಳು ಊರು ತೋರಿಸುವುದಿಲ್ಲ. 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ನಡುವೆ ಅವು ಆನೆ ಮತ್ತು ಜಿಂಕೆಯ ಚಿತ್ರ, ವೇಗದ ಮಿತಿ, ಉಬ್ಬು, ಮತ್ತು ಗಡಿಯಾರದ ಸಮಯವನ್ನು ತೋರಿಸುತ್ತವೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶವನ್ನು 2010ರಲ್ಲಿ ಹೈಕೋರ್ಟು ಎತ್ತಿಹಿಡಿದ ಮೇಲೆ, ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂಡೀಪುರದ ಕಾಡಿನ ಗೇಟುಗಳು ಮುಚ್ಚುತ್ತವೆ. 2022ರಲ್ಲಿ ದಿಂಬಂ ಘಾಟಿಗೂ ರಾತ್ರಿ ನಿರ್ಬಂಧ ಬಂತು. ಬಂಡೀಪುರದ ಗೇಟು ಮುಚ್ಚಿರುವ ಹೊತ್ತಿನಲ್ಲಿ ಮೈಸೂರಿನಿಂದ ವಯನಾಡಿಗೆ ಹೊರಟವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ಹಿಡಿಯಬೇಕು.